ನಕ್ಷೆಯಿಂದ ಕಾವಲಿಗೆ: ಚಳ್ಳಕೆರೆ ಸೀಮೆಯಲ್ಲಿ ಹಾರಿದ ಕಿರುಮಾದರಿಗಳು

ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿ, ಕುದಾಪುರಗಳ ನೆರೆಯ ಹುಲ್ಲುಗಾವಲಿನಲ್ಲಿ 2016ರಿಂದ ಈಚೆಗೆ ಹಾರಿ ಇಳಿದಿರುವ ಯಂತ್ರಗಳಲ್ಲಿ ಹೆಚ್ಚು ಹೆಸರಾದ ಎರಡು, ಅಂದರೆ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ಬಾಲವಿಲ್ಲದ ಹಾರುರೆಕ್ಕೆ ಮತ್ತು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೊ) ಪುಷ್ಪಕ, ತಮ್ಮಷ್ಟಕ್ಕೆ ತಾವೇ ಗುರಿಯಾಗಿ ಕಟ್ಟಿದ ವಾಹನಗಳಲ್ಲ. ಎರಡೂ ಇನ್ನೂ ಹುಟ್ಟಬೇಕಾದ ದೊಡ್ಡ ವಾಹನಗಳ ಕಿರುಮಾದರಿಗಳು; ಕಾಗದದ ಮೇಲೆ ಮಾತ್ರ ಇದ್ದ ಒಂದು ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿಯಲು, ಅದೇ ಆಕಾರವನ್ನು ಚಿಕ್ಕ ಅಳತೆಯಲ್ಲಿ ಕಟ್ಟಿ ಹಾರಿಸಿ ನೋಡಿದ ಪ್ರಯೋಗಗಳು. ವೈಜ್ಞಾನಿಕ ಕಾದಂಬರಿಗಳ ಮುಖಪುಟದಿಂದ ಇಳಿದು ಬಂದಂತೆ ಕಾಣುವ ಈ ದೇಹಗಳ ಹಿಂದೆ ಕರ್ನಾಟಕದ್ದೇ ಆದ ಸುಮಾರು ಎಂಬತ್ತು ವರ್ಷಗಳ ಮಾದರಿಗಾರಿಕೆಯ ಚರಿತ್ರೆಯಿದೆ, ಮತ್ತು ಅವು ಇಳಿದ ನೆಲಕ್ಕೆ ಅದಕ್ಕಿಂತ ಬಹಳ ಹಳೆಯ ಇನ್ನೊಂದು ಚರಿತ್ರೆಯಿದೆ. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಓದದೆ ಚಳ್ಳಕೆರೆಯಲ್ಲಿ ಆಗುತ್ತಿರುವುದು ಏನೆಂಬುದು ಅರ್ಥವಾಗುವುದಿಲ್ಲ.

ಮಾದರಿ ಕಟ್ಟುವುದರಲ್ಲಿ ಎರಡು ದಾರಿಗಳಿವೆ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಸಿದ್ಧ ಭಾಗಗಳನ್ನು ಸೂಚನೆಯಂತೆ ಜೋಡಿಸುವುದು ಒಂದು. ಬರಿಯ ಹಾಳೆ, ಹಲಗೆ, ತಗಡುಗಳಿಂದ ಪ್ರತಿಯೊಂದು ಭಾಗವನ್ನೂ ಹೊಸದಾಗಿ ಕತ್ತರಿಸಿ, ಕೆತ್ತಿ, ಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು ಕಟ್ಟುವುದು ಇನ್ನೊಂದು. ಎರಡನೆಯದನ್ನು ಹವ್ಯಾಸಿ ಮಾದರಿಗಾರರು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಚಿತ್ರ ಒಂದು ಕಡೆಯಿಂದ ಮಾತ್ರ ಕಾಣುತ್ತದೆ, ದೇಹಕ್ಕೆ ಎಲ್ಲ ಕಡೆಗಳೂ ಇರಬೇಕು. ಚಿತ್ರದಲ್ಲಿ ನೆರಳಿನಿಂದ ಮುಚ್ಚಿಹೋದ ಭಾಗವನ್ನೂ ಮಾದರಿಗಾರ ನಿರ್ಧರಿಸಲೇಬೇಕು. ಆದ್ದರಿಂದ ಚಿತ್ರದಿಂದ ಮಾದರಿಗೆ ಹೋಗುವ ದಾರಿ ಬರಿಯ ನಕಲಿನದಲ್ಲ, ನಿರ್ಧಾರಗಳದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಚಿಕ್ಕದಾದಾಗ ಯಾವುದು ಅರ್ಥ ಕಳೆದುಕೊಳ್ಳುತ್ತದೆ ಎಂಬ ವಿವೇಚನೆಯೇ ಈ ಕಸುಬಿನ ತಿರುಳು.

ಆ ವಿವೇಚನೆ ಈ ಸೀಮೆಗೆ ಹೊಸತೇನಲ್ಲ. ಚಳ್ಳಕೆರೆಯ ಉತ್ತರಕ್ಕಿರುವ ಮೊಳಕಾಲ್ಮೂರಿನ ರೇಷ್ಮೆ ನೇಕಾರರು, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತಮ್ಮ ಸೀರೆಗಳ ಸೆರಗು, ಅಂಚು, ಬುಟ್ಟಾಗಳಲ್ಲಿ ನವಿಲು, ಹಂಸ, ಮಾವಿನಕಾಯಿಗಳನ್ನು ಮೂಡಿಸುವಾಗ ಮಾಡುತ್ತ ಬಂದಿರುವುದು ಇದನ್ನೇ. ಕೈಯಲ್ಲಿ ಬರೆದ ನವಿಲಿನ ಚಿತ್ರ ಮಗ್ಗಕ್ಕೆ ನೇರವಾಗಿ ಏರಲಾರದು. ಅದನ್ನು ಮೊದಲು ಚೌಕುಳಿ ಕಾಗದಕ್ಕೆ ಇಳಿಸಬೇಕು. ಆ ಕಾಗದದ ಒಂದೊಂದು ಚೌಕವೂ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಒಂದೊಂದು ಬಿಂದುವಿಗೆ ಸಮ, ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ಹೊಕ್ಕು ಎಂದರೆ ಲಾಳಿ ಅಡ್ಡಲಾಗಿ ಒಯ್ಯುವ ಎಳೆ. ಚೌಕಗಳಲ್ಲಿ ತುಂಬಿದ ಚಿತ್ರವನ್ನು ನೋಡಿಕೊಂಡು ಜಕಾರ್ಡ್ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ; ತೂತು ಇರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಇಲ್ಲಿ ಎರಡು ತೊಡಕುಗಳು ಎದುರಾಗುತ್ತವೆ. ಒಂದು ಅಂಗುಲಕ್ಕೆ ಹಾಸಿನ ಎಳೆಗಳು ಎಷ್ಟೋ ಹೊಕ್ಕಿನ ಎಳೆಗಳೂ ಅಷ್ಟೇ ಇರದಿದ್ದರೆ, ಸಮಚೌಕದ ಕಾಗದದಲ್ಲಿ ಚೆಂದವಾಗಿ ಕಂಡ ನವಿಲು ಬಟ್ಟೆಯ ಮೇಲೆ ಉದ್ದಕ್ಕೆ ಜಗ್ಗಿದಂತೆಯೋ ಕುಗ್ಗಿದಂತೆಯೋ ಮೂಡುತ್ತದೆ. ಆದ್ದರಿಂದ ಚೌಕುಳಿಯ ಅಳತೆಯನ್ನೇ ಎಳೆಗಳ ಸಾಂದ್ರತೆಗೆ ಹೊಂದಿಸಬೇಕು. ಎರಡನೆಯದು, ಚಿತ್ರದ ನುಣುಪಾದ ಬಾಗು ನೇಯ್ಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಮತ್ತು ಬುಟ್ಟಾ ಚಿಕ್ಕದಾದಷ್ಟೂ ಆ ಮೆಟ್ಟಿಲುಗಳು ಎದ್ದು ಕಾಣುತ್ತವೆ. ಸೆರಗಿನ ದೊಡ್ಡ ನವಿಲಿಗೆ ಇರುವ ಗರಿಯ ಕಣ್ಣುಗಳನ್ನು ಮೈಮೇಲಿನ ಸಣ್ಣ ಬುಟ್ಟಾಕ್ಕೆ ತರಲು ಹೋಗದೆ, ಕೊಕ್ಕು, ಕತ್ತು, ಬಾಲದ ಒಟ್ಟು ಓಟವನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಬಿಡುವವನೇ ಒಳ್ಳೆಯ ನಕ್ಷೆಗಾರ.

ಹಾರುವ ಮಾದರಿಯಲ್ಲಿ ಈ ತೊಡಕು ಕಣ್ಣಿನದಾಗಿ ಮಾತ್ರ ಉಳಿಯದೆ ಬಲದ್ದೂ ಆಗುತ್ತದೆ. ಒಂದು ವಸ್ತುವಿನ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಅದರ ಮೈಹರವು ನಾಲ್ಕನೆಯ ಒಂದು ಭಾಗಕ್ಕೂ, ಗಾತ್ರ ಎಂಟನೆಯ ಒಂದು ಭಾಗಕ್ಕೂ ಇಳಿಯುತ್ತದೆ. ರೆಕ್ಕೆಯ ಎತ್ತುವ ಬಲ ಹರವನ್ನು ಅವಲಂಬಿಸಿದೆ, ತೂಕ ಗಾತ್ರವನ್ನು ಅವಲಂಬಿಸಿದೆ; ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಅಂಗುಲ ಅಂಗುಲಕ್ಕೂ ಸರಿಯಾಗಿ ಕಟ್ಟಿದ ಮಾದರಿ ಕೂಡ ನಡವಳಿಕೆಯಲ್ಲಿ ಮೂಲವನ್ನು ಹೋಲದೆ ಹೋಗಬಹುದು. ಈ ಗಂಟನ್ನು ಮೊದಲು ಬಿಡಿಸಿದವರು ಹಡಗು ಕಟ್ಟುವವರು. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1867ರಲ್ಲಿ 3, 6 ಮತ್ತು 12 ಅಡಿ ಉದ್ದದ ಹಡಗಿನ ಮಾದರಿಗಳನ್ನು ನದಿಯಲ್ಲಿ ಎಳೆದು ನೋಡಿ, ಮಾದರಿಯ ವೇಗವನ್ನು ಅದರ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸಿದರೆ ಚಿಕ್ಕದೂ ದೊಡ್ಡದೂ ಒಂದೇ ಬಗೆಯ ಅಲೆಗಳನ್ನು ಎಬ್ಬಿಸುತ್ತವೆ ಎಂದು ತೋರಿಸಿದರು. 1872ರಲ್ಲಿ ಟಾರ್ಕಿಯಲ್ಲಿ ಇದಕ್ಕೆಂದೇ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿದರು. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು: ಹರಿವು ಸುಗಮವಾಗಿರುತ್ತದೆಯೋ ಸುಳಿಸುಳಿಯಾಗುತ್ತದೆಯೋ ಎಂಬುದು ವೇಗ, ಅಳತೆ ಮತ್ತು ದ್ರವದ ಅಂಟುತನ ಈ ಮೂರರ ಅನುಪಾತದಿಂದ ನಿರ್ಧಾರವಾಗುತ್ತದೆ. ಅದರ ಪ್ರಕಾರ ಒಂದೇ ಗಾಳಿ ಚಿಕ್ಕ ರೆಕ್ಕೆಗೆ ದೊಡ್ಡ ರೆಕ್ಕೆಗಿಂತ ಮಂದವಾದದ್ದರಂತೆ ವರ್ತಿಸುತ್ತದೆ. ಮಾದರಿಗಾರ ಈ ಎರಡು ನಿಯಮಗಳಿಗೂ ಏಕಕಾಲದಲ್ಲಿ ನಿಷ್ಠನಾಗಿರುವುದು ಸಾಮಾನ್ಯವಾಗಿ ಸಾಧ್ಯವಾಗದು. ತನ್ನ ಪ್ರಶ್ನೆ ಏನೆಂಬುದನ್ನು ಮೊದಲು ಗಟ್ಟಿಮಾಡಿಕೊಂಡು, ಅದಕ್ಕೆ ಬೇಕಾದ ನಿಷ್ಠೆಯನ್ನು ಆರಿಸಿಕೊಳ್ಳಬೇಕು.

ಕರ್ನಾಟಕದಲ್ಲಿ ಈ ವಿದ್ಯೆ ಬೇರೂರಿದ್ದು ಬೆಂಗಳೂರಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ವಾಲ್ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ ಎರಡು ವರ್ಷಗಳಿಗೆ, 1942ರಲ್ಲಿ, ಭಾರತೀಯ ವಿಜ್ಞಾನ ಮಂದಿರದಲ್ಲಿ ವೈಮಾನಿಕ ವಿಭಾಗ ಆರಂಭವಾಯಿತು. ಕಾರ್ಖಾನೆಯಲ್ಲೂ ಮಂದಿರದಲ್ಲೂ ದುಡಿದ ವಿ. ಎಂ. ಘಾಟಗೆಯವರು ಯುದ್ಧಕಾಲದ ಗ್ಲೈಡರಿನಿಂದ ಹಿಡಿದು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದವರೆಗೆ ದೇಶೀ ವಿನ್ಯಾಸದ ಒಂದು ತಲೆಮಾರನ್ನೇ ಬೆಳೆಸಿದರು. ಮಂದಿರದಲ್ಲಿ ಜರ್ಮನಿಯ ಓಸ್ಕರ್ ಟೀಟ್ಯೆನ್ಸ್ ಅವರ ವಿನ್ಯಾಸದಂತೆ ಕಟ್ಟಿದ, 14 ಅಡಿ ಅಗಲ 9 ಅಡಿ ಎತ್ತರದ ಬಾಯುಳ್ಳ ಗಾಳಿ ಸುರಂಗ 1959ರಲ್ಲಿ ಕೆಲಸ ಶುರುಮಾಡಿತು. ಗಾಳಿ ಸುರಂಗವೆಂದರೆ ವಿಮಾನವನ್ನು ಗಾಳಿಯಲ್ಲಿ ಓಡಿಸುವ ಬದಲು, ಕದಲದಂತೆ ನಿಲ್ಲಿಸಿದ ಮಾದರಿಯ ಮೇಲೆ ಗಾಳಿಯನ್ನು ಓಡಿಸುವ ದೊಡ್ಡ ಕೊಳವೆ. ಅದೇ 1959ರ ಜೂನ್ 1ರಂದು ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು, ಪಿ. ನೀಲಕಂಠನ್ ಅವರ ನಿರ್ದೇಶನದಲ್ಲಿ, ಮೊದಲಿಗೆ ಜಯಮಹಲ್ ರಸ್ತೆಯ ಅರಮನೆಯ ಕುದುರೆ ಲಾಯಗಳಲ್ಲಿ ನೆಲೆಸಿತು. 1967ರಲ್ಲಿ ಆ ಪ್ರಯೋಗಾಲಯದಲ್ಲಿ ಸಿದ್ಧವಾದ 1.2 ಮೀಟರ್ ಅಳತೆಯ ತ್ರಿಧ್ವನಿಕ ಸುರಂಗ, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ, ಅದರ ಆಸುಪಾಸು ಮತ್ತು ಅದಕ್ಕಿಂತ ಹೆಚ್ಚು ಈ ಮೂರೂ ವೇಗಗಳಲ್ಲಿ ಗಾಳಿ ಬಿಡಬಲ್ಲ ಸುರಂಗ, ಮುಂದಿನ ದಶಕಗಳಲ್ಲಿ ದೇಶದ ವಿಮಾನ, ರಾಕೆಟ್ಟುಗಳ ಆಕಾರಗಳಿಗೆಲ್ಲ ಒರೆಗಲ್ಲಾಯಿತು.

ಸುರಂಗದ ಮಾದರಿಯನ್ನು ಕಟ್ಟುವ ಕೆಲಸ ಗಣಿತದಷ್ಟೇ ಕೈಕಸುಬಿಗೂ ಸೇರಿದ್ದು, ಮತ್ತು ವೈಮಾನಿಕ ಚರಿತ್ರೆ ಬರೆದವರು ಅದಕ್ಕೆ ಸಲ್ಲಬೇಕಾದ ಪುಟಗಳನ್ನು ಕೊಟ್ಟಿಲ್ಲ. ವಿನ್ಯಾಸಕಾರನಿಂದ ಬರುವುದು ಮೂರು ನೋಟಗಳ ನಕ್ಷೆ: ಮೇಲಿನಿಂದ, ಪಕ್ಕದಿಂದ, ಎದುರಿನಿಂದ. ಇವುಗಳ ನಡುವಿನ ಮೈಯನ್ನು ನಿರ್ಧರಿಸಲು ದೇಹವನ್ನು ಮೂಗಿನಿಂದ ಬಾಲದವರೆಗೆ ಹಲವು ಕಡೆ ಕೊಯ್ದಂತೆ ಭಾವಿಸಿ, ಒಂದೊಂದು ಕೊಯ್ತದ ಆಕಾರವನ್ನೂ ತೆಳು ತಗಡಿನಲ್ಲಿ ಕತ್ತರಿಸಿ ಅಚ್ಚುಗಳನ್ನು ಮಾಡುತ್ತಾರೆ. ಕಡಿಮೆ ವೇಗದ ಸುರಂಗಕ್ಕಾದರೆ ಹದವಾಗಿ ಒಣಗಿದ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಆ ಅಚ್ಚು ಎಲ್ಲಿಯೂ ಬೆಳಕು ನುಸುಳದಂತೆ ಕೂರುವವರೆಗೆ ಕೆತ್ತಿ ಉಜ್ಜುತ್ತಾರೆ. ಶಬ್ದವನ್ನು ಮೀರುವ ಗಾಳಿಗೆ ಮರ ತಾಳದಾದ್ದರಿಂದ ಗಟ್ಟಿ ಉಕ್ಕನ್ನು ಕಡೆದು ರೆಕ್ಕೆ ಮಾಡಬೇಕಾಗುತ್ತದೆ. ಕನ್ನಡಿಯಂತೆ ಹೊಳೆಯುವವರೆಗೆ ಮೈಯನ್ನು ನಯಗೊಳಿಸಿದ ಮೇಲೆ, ಅದೇ ಮೈಯ ಮೇಲೆ ರೆಕ್ಕೆಯ ಮುಂಚೂಣಿಯ ಸಮೀಪ, ಮರಳಿಗಿಂತ ಸಣ್ಣನೆಯ ಗರುಕಿನ ಒಂದು ತೆಳು ಪಟ್ಟಿಯನ್ನು ಬೇಕೆಂದೇ ಅಂಟಿಸುತ್ತಾರೆ. ಮೇಲೆ ಹೇಳಿದ ರೆನಾಲ್ಡ್ಸ್ ನಿಯಮದಿಂದಾಗಿ ಚಿಕ್ಕ ರೆಕ್ಕೆಯ ಮೇಲೆ ಗಾಳಿ ಅಗತ್ಯಕ್ಕಿಂತ ಹೆಚ್ಚು ದೂರ ನಯವಾಗಿ ಹರಿಯುತ್ತದೆ. ದೊಡ್ಡ ವಿಮಾನದ ಮೇಲೆ ಅದು ಎಲ್ಲಿ ಕದಡುತ್ತದೆಯೋ ಅಲ್ಲಿಯೇ ಕದಡುವಂತೆ ಮಾಡುವುದು ಈ ಗರುಕಿನ ಕೆಲಸ. ನಯವಾದ ಮೈಯನ್ನು ಸತ್ಯಕ್ಕಾಗಿ ಒರಟು ಮಾಡುವ ಈ ಒಂದು ಕ್ರಮದಲ್ಲಿ ಇಡೀ ಕಸುಬಿನ ಬುದ್ಧಿ ಅಡಗಿದೆ.

ಸುರಂಗದಾಚೆ ಹಾರಿಸಿ ನೋಡುವ ಮಾದರಿಯ ಮೊದಲ ದೊಡ್ಡ ಉದಾಹರಣೆ ಕೂಡ ಬೆಂಗಳೂರಿನದೇ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಎಫ್-24 ಮರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರುವುದಕ್ಕೆ ಮುಂಚೆ, ಅದರ ಆಕಾರವನ್ನೇ ಪೂರ್ಣ ಅಳತೆಯಲ್ಲಿ ಮರದಿಂದ ಕಟ್ಟಿದ, ಎಂಜಿನ್ ಇಲ್ಲದ ಎಕ್ಸ್-241 ಎಂಬ ಎರಡು ಆಸನಗಳ ಗ್ಲೈಡರ್ 1959-60ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಎಳೆಸಿಕೊಂಡು ಮೇಲೇರಿ 78 ಬಾರಿ ಹಾರಿತು. ಅಳತೆ ಒಂದಕ್ಕೆ ಒಂದಾಗಿದ್ದರೂ ಅದು ಮಾದರಿಯೇ ಸರಿ, ಏಕೆಂದರೆ ವೇಗವನ್ನೂ ಎಂಜಿನನ್ನೂ ಬಿಟ್ಟುಕೊಟ್ಟು, ನಿಧಾನವಾಗಿ ಇಳಿಯುವಾಗ ಈ ರೆಕ್ಕೆ ಹೇಗೆ ವರ್ತಿಸುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತಿತ್ತು. ಅದರೊಳಗೆ ಚಾಲಕನಿದ್ದ. ಮುಂದಿನ ಅರ್ಧ ಶತಮಾನದಲ್ಲಿ ಗಣಕ ಮತ್ತು ರೇಡಿಯೊ ತಂತ್ರಗಳು ಬೆಳೆದು ಚಾಲಕನಿಲ್ಲದ ಮಾದರಿಯನ್ನು ದೂರದಿಂದಲೇ ಹಾರಿಸುವುದು ಸಾಧ್ಯವಾದಾಗ, ಮನೆಗಳಿಂದ ತುಂಬಿದ ಬೆಂಗಳೂರಿನ ಆಕಾಶ ಅದಕ್ಕೆ ತಕ್ಕದ್ದಾಗಿ ಉಳಿದಿರಲಿಲ್ಲ. ಕೆಳಗೆ ಬಿದ್ದರೆ ಜೀವಹಾನಿಯಾಗದಂಥ ವಿಸ್ತಾರವಾದ ಬಯಲು ಬೇಕಾಯಿತು, ಮತ್ತು ಆ ಬಯಲನ್ನು ಸರ್ಕಾರ ಚಳ್ಳಕೆರೆಯ ಕಾವಲುಗಳಲ್ಲಿ ಕಂಡಿತು.

ಕಾವಲು ಎಂದರೆ ಹಾಳುಬಿದ್ದ ಬಯಲಲ್ಲ. ಮೈಸೂರು ಅರಸರ ದನಗಳಿಗೆಂದು ಕಾಯ್ದಿರಿಸಿದ ಹುಲ್ಲುಗಾವಲಿಗೆ ಆ ಹೆಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯ ಕೈಕೆಳಗಿದ್ದ ಈ ದನಗಳ ಪಡೆ ಹೈದರಾಲಿಯ ಕಾಲಕ್ಕೆ ಫಿರಂಗಿ ಮತ್ತು ಸರಂಜಾಮು ಎಳೆಯುವ ಸೈನ್ಯದ ಅಂಗವಾಯಿತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟುನಿಟ್ಟಿನ ನಿಬಂಧನೆಗಳನ್ನು ಮಾಡಿದ. 1799ರ ನಂತರ ಬ್ರಿಟಿಷರ ವಶಕ್ಕೆ ಹೋದ ಇಲಾಖೆಯನ್ನು 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಮುಚ್ಚಿದರು. ಒಳ್ಳೆಯ ಎತ್ತುಗಳು ಸಿಗದಾಗಿ 1866ರಲ್ಲಿ ಮತ್ತೆ ತೆರೆಯಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲ ಎಂದು ವಿಂಗಡಿಸಿ, ಒಂದರ ಹುಲ್ಲು ಚಿಗುರುವವರೆಗೆ ಇನ್ನೊಂದರಲ್ಲಿ ಮೇಯಿಸುತ್ತಿದ್ದರು. ರಾಜ್ಯದ ಅತ್ಯಂತ ಕಡಿಮೆ ಮಳೆಯ ತಾಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಹುಲ್ಲು ಉಳಿದು ಬಂದದ್ದು ಈ ಸರದಿಯ ಶಿಸ್ತಿನಿಂದ.

ಅರಸರ ದನಗಳು ಕಡಿಮೆಯಾದಂತೆ ಸುತ್ತಲಿನ ಹಳ್ಳಿಗಳವರ ದನಕುರಿಗಳಿಗೆ ಕಾವಲುಗಳೇ ಆಸರೆಯಾದವು. ಗಾದ್ರಿಪಾಲನಾಯಕನಂಥ ಪಶುಪಾಲಕ ವೀರರನ್ನು ಹಾಡುವ, ದೇವರ ಎತ್ತುಗಳನ್ನು ಇಂದಿಗೂ ಸಾಕುವ ಮ್ಯಾಸಬೇಡರು, ಜುಂಜಪ್ಪನನ್ನು ಆರಾಧಿಸುವ ಕಾಡುಗೊಲ್ಲರು, ಚಳ್ಳಕೆರೆಯ ಕಂಬಳಿಗೆ ಉಣ್ಣೆ ಒದಗಿಸುವ ಕುರಿಗಳನ್ನು ಸಾಕುವ ಕುರುಬರು ಇವರೆಲ್ಲರ ಬದುಕಿನ ಲೆಕ್ಕದಲ್ಲಿ ಕಾವಲು ಸೇರಿತ್ತು. 2008ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಕುದಾಪುರ, ವರವು ಕಾವಲು, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ವಿವಿಧ ಸಂಸ್ಥೆಗಳಿಗೆ ಹಂಚಿತು: ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಮಂದಿರಕ್ಕೆ 1,500, ಇಸ್ರೊಗೆ 573. ಹುಲ್ಲುಗಾವಲಿನ ಸುತ್ತ ಗೋಡೆಗಳು ಎದ್ದವು, ಹಳ್ಳಿಗರು ಪ್ರತಿಭಟಿಸಿದರು, ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತಿತರರ ಅರ್ಜಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ವಿಚಾರಣೆಗೆ ಬಂದು 2014ರಲ್ಲಿ ತೀರ್ಪಾಯಿತು. ಕೃಷ್ಣಮೃಗ, ಎರ್ಲಡ್ಡು ಹಕ್ಕಿಗಳಂಥ ಬಯಲುಜೀವಿಗಳ ನೆಲೆ ತಪ್ಪುವ ಆತಂಕವೂ ಆ ವಾದಗಳಲ್ಲಿ ಇತ್ತು. ಯಾವ ನೆಲವನ್ನು ಖಾಲಿ ಎಂದು ದಾಖಲೆಗಳು ಎಣಿಸಿದವೋ ಅದು ಮೂರು ಶತಮಾನಗಳ ಎಚ್ಚರದ ಮೇಯಿಸುವಿಕೆಯಿಂದಾಗಿಯೇ ತೆರೆದ ಬಯಲಾಗಿ ಉಳಿದಿತ್ತು ಎಂಬುದನ್ನು, ಇಲ್ಲಿ ನಡೆದ ಪ್ರಯೋಗಗಳನ್ನು ಮೆಚ್ಚುವವರು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಓಡುದಾರಿಗೆ ಬೇಕಾದ ಸಮತಟ್ಟಾದ, ಮರವಿಲ್ಲದ, ಮನೆಯಿಲ್ಲದ ನೆಲವನ್ನು ಕೊಟ್ಟವರು ದನಗಾಹಿಗಳು.

ಈ ನೆಲದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತಾದರೂ, ಚಾಲಕರಹಿತ ರುಸ್ತುಂ-2 ವಿಮಾನ 2016ರ ನವೆಂಬರಿನಲ್ಲೇ ಇಲ್ಲಿಂದ ಮೊದಲು ಹಾರಿತ್ತು. ಅದು ಕಿರುಮಾದರಿಯಲ್ಲ, ಪೂರ್ಣ ಅಳತೆಯ ವಿಮಾನ. ಅದೇ ಸಾಲಿನ ವಿಮಾನಗಳಲ್ಲಿ ಒಂದು 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟದಲ್ಲಿ, ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಬಳಿ ಹೊಲದಲ್ಲಿ ಬಿದ್ದವು. ಕಿರುಮಾದರಿಗಳ ಸರದಿ ಬಂದದ್ದು 2022ರ ಜುಲೈ 1ರಂದು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ವಿನ್ಯಾಸ ಮಾಡಿದ ಹಾರುರೆಕ್ಕೆ ಅಂದು ತಾನೇ ಏರಿ, ತಾನೇ ದಾರಿ ಹಿಡಿದು, ತಾನೇ ಇಳಿಯಿತು. ಹಾರುರೆಕ್ಕೆಯೆಂದರೆ ಪ್ರತ್ಯೇಕ ಒಡಲಾಗಲಿ ಬಾಲವಾಗಲಿ ಇಲ್ಲದ, ಇಡೀ ದೇಹವೇ ರೆಕ್ಕೆಯಾದ ವಿಮಾನ. ರಾಡಾರಿನ ಕಣ್ಣಿಗೆ ಸುಲಭವಾಗಿ ಬೀಳದಿರುವುದು ಇದರ ಲಾಭ, ಸ್ಥಿರತೆಗೆ ನೆರವಾಗುವ ಬಾಲವಿಲ್ಲದ್ದರಿಂದ ಗಣಕ ಕ್ಷಣಕ್ಷಣಕ್ಕೂ ತಿದ್ದುತ್ತಿರದಿದ್ದರೆ ಮಗುಚಿ ಬೀಳುವ ಸ್ವಭಾವ ಇದರ ಕಷ್ಟ. ಮುಂದೆ ಘಾತಕ್ ಹೆಸರಿನಲ್ಲಿ ಕಟ್ಟಬೇಕೆಂದಿರುವ ದೊಡ್ಡ ಯುದ್ಧ ಡ್ರೋನಿನ ಇಳಿಸಿದ ಅಳತೆಯ ರೂಪ ಇದು. ತೂಕ ಸುಮಾರು ಒಂದು ಟನ್. ಇಂಗಾಲದ ನಾರಿನ ಹಗುರ ಸಂಯುಕ್ತದಿಂದ ಕಟ್ಟಿದ ಈ ಮಾದರಿ 2023ರ ಡಿಸೆಂಬರ್ ಹೊತ್ತಿಗೆ ಏಳು ಹಾರಾಟಗಳನ್ನು ಮುಗಿಸಿತ್ತು, ಮತ್ತು ನೆಲದ ರಾಡಾರುಗಳ ನೆರವಿಲ್ಲದೆ ಉಪಗ್ರಹ ಸಂಕೇತಗಳಿಂದಲೇ ಓಡುದಾರಿಯನ್ನು ಕಂಡುಕೊಂಡು ಇಳಿಯುವುದನ್ನು ಕಲಿತಿತ್ತು.

ಪುಷ್ಪಕದ ಕತೆ ಇನ್ನೂ ಉದ್ದವಾದದ್ದು, ಮತ್ತು ಮಾದರಿಗಾರಿಕೆಯ ದೃಷ್ಟಿಯಿಂದ ಹೆಚ್ಚು ಬೋಧಪ್ರದವಾದದ್ದು. ಕಕ್ಷೆಗೆ ಹೋಗಿ ವಿಮಾನದಂತೆ ಮರಳಿ ಇಳಿದು ಮತ್ತೆ ಬಳಕೆಯಾಗುವ ವಾಹನವೊಂದನ್ನು ಕಟ್ಟುವುದು ಇಸ್ರೊದ ದೂರದ ಗುರಿ. ಅದರ ಮೊದಲ ಹೆಜ್ಜೆಯಾಗಿ ಸುಮಾರು 6.5 ಮೀಟರ್ ಉದ್ದದ, 1.75 ಟನ್ ತೂಕದ, ಎರಡು ಮಟ್ಟದ ತ್ರಿಕೋನ ರೆಕ್ಕೆಗಳುಳ್ಳ ಕಿರುಮಾದರಿಯೊಂದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಶಬ್ದ ಪರೀಕ್ಷೆಯೂ ಸೇರಿದಂತೆ ಹಲವು ಪರೀಕ್ಷೆಗಳನ್ನು ದಾಟಿ, 2016ರ ಮೇ 23ರಂದು ಶ್ರೀಹರಿಕೋಟಾದಿಂದ ಘನ ಇಂಧನದ ರಾಕೆಟ್ಟಿನ ತುದಿಯಲ್ಲಿ ಮೇಲೇರಿತು. 65 ಕಿಲೋಮೀಟರ್ ಎತ್ತರ ಮುಟ್ಟಿ, ಶಬ್ದದ ಸುಮಾರು ಐದು ಪಟ್ಟು ವೇಗದಲ್ಲಿ ಮರಳಿ, ಕರಾವಳಿಯಿಂದ ಸುಮಾರು 450 ಕಿಲೋಮೀಟರ್ ದೂರದ ಬಂಗಾಳಕೊಲ್ಲಿಯಲ್ಲಿ ಅದು ಇಳಿಯಿತು. ಹಾರಾಟ 770 ಸೆಕೆಂಡುಗಳದು. ಮೂಗಿನ ಇಂಗಾಲದ ಟೋಪಿ ಮತ್ತು ಹೊಟ್ಟೆಯ ಸಿಲಿಕಾ ಬಿಲ್ಲೆಗಳು ಕಾವನ್ನು ತಡೆದವೆಂದು ರೇಡಿಯೊ ಮೂಲಕ ಬಂದ ಅಂಕಿಗಳು ಹೇಳಿದವು. ಆದರೆ ದೇಹವನ್ನು ಸಮುದ್ರದಿಂದ ಮರಳಿ ತರುವ ಯೋಜನೆಯೇ ಇರಲಿಲ್ಲವಾದ್ದರಿಂದ, ಎಲ್ಲಿ ಕರಕಾಯಿತು, ಎಲ್ಲಿ ಬಿರಿಯಿತು ಎಂದು ಕೈಯಿಂದ ಸವರಿ ನೋಡುವ ಅವಕಾಶ ಇರಲಿಲ್ಲ.

ಚಳ್ಳಕೆರೆ ಕೊಟ್ಟದ್ದು ಆ ಅವಕಾಶವನ್ನು. 2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದೇ ಬಗೆಯ ಇನ್ನೊಂದು ರೆಕ್ಕೆಯ ವಾಹನವನ್ನು ಹೊಟ್ಟೆಯ ಕೆಳಗೆ ತೂಗಿಸಿಕೊಂಡು ಮೇಲೆದ್ದು, ಸಮುದ್ರಮಟ್ಟದಿಂದ 4.5 ಕಿಲೋಮೀಟರ್ ಎತ್ತರದಲ್ಲಿ, ಓಡುದಾರಿಯಿಂದ 4.6 ಕಿಲೋಮೀಟರ್ ದೂರದಲ್ಲಿ ಬಿಟ್ಟುಬಿಟ್ಟಿತು. ಎಂಜಿನ್ ಇಲ್ಲ, ಚಾಲಕನಿಲ್ಲ, ತಪ್ಪಿದರೆ ಸುತ್ತುಹಾಕಿ ಮತ್ತೆ ಬರುವ ದಾರಿಯಿಲ್ಲ. ಕೃತಕ ಉಪಗ್ರಹದಂತೆ ವರ್ತಿಸುವ ನೆಲದ ಪ್ರಸಾರಕಗಳು, ನಾವಿಕ್ ಉಪಗ್ರಹಗಳ ಸಂಕೇತಗಳು ಮತ್ತು ಎತ್ತರ ಅಳೆಯುವ ರಾಡಾರಿನ ನೆರವಿನಿಂದ ತನ್ನ ಸ್ಥಾನವನ್ನು ತಾನೇ ಲೆಕ್ಕಹಾಕುತ್ತ ಅದು 7 ಗಂಟೆ 40 ನಿಮಿಷಕ್ಕೆ ಕಾವಲಿನ ಓಡುದಾರಿಯ ಮೇಲೆ ಇಳಿಯಿತು. ರೆಕ್ಕೆಯುಳ್ಳ ದೇಹವೊಂದನ್ನು ಹೆಲಿಕಾಪ್ಟರಿನಿಂದ ಇಷ್ಟು ಎತ್ತರಕ್ಕೆ ಒಯ್ದು ಸ್ವಯಂಚಾಲಿತವಾಗಿ ಇಳಿಸಿದ್ದು ಲೋಕದಲ್ಲೇ ಮೊದಲು ಎಂದು ಇಸ್ರೊ ಹೇಳಿತು. ಅಮೆರಿಕ 1977ರಲ್ಲಿ ತನ್ನ ಎಂಟರ್‌ಪ್ರೈಸ್ ನೌಕೆಯನ್ನು ಬೋಯಿಂಗ್ 747ರ ಬೆನ್ನಿನಿಂದ ಬಿಟ್ಟು ಇಂಥದೇ ಪ್ರಶ್ನೆ ಕೇಳಿತ್ತು, ಆದರೆ ಅದು ಪೂರ್ಣ ಅಳತೆಯದು, ಒಳಗೆ ಚಾಲಕರಿದ್ದರು.

ಮೊದಲ ಇಳಿತದಲ್ಲಿ ಕಂಡುಕೊಂಡದ್ದನ್ನು ಆಧರಿಸಿ ಮೈಕಟ್ಟನ್ನೂ ಚಕ್ರಗಳ ಕಾಲುಗಳನ್ನೂ ಇನ್ನಷ್ಟು ಗಟ್ಟಿಮಾಡಿದರು. ಅದೇ ದೇಹ ಪುಷ್ಪಕ ಎಂಬ ಹೆಸರಿನಲ್ಲಿ 2024ರ ಮಾರ್ಚ್ 22ರಂದು ಮತ್ತೆ ಬಂತು. ಈ ಬಾರಿ ಅದನ್ನು ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು, ಅದು ತಪ್ಪನ್ನು ತಾನೇ ತಿದ್ದಿಕೊಂಡಿತು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬಿಟ್ಟಾಗಲೂ ತಿದ್ದಿಕೊಂಡು ನಡುಗೆರೆಗೆ ಬಂತು. ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅದು ನೆಲ ಮುಟ್ಟಿತು. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260, ಯುದ್ಧವಿಮಾನ 280 ಕಿಲೋಮೀಟರ್ ವೇಗದಲ್ಲಿ. ರೆಕ್ಕೆ ಚಿಕ್ಕದು, ಗಾಳಿಯನ್ನು ಸೀಳುವಾಗ ಏಳುವ ಎಳೆತ ಹೆಚ್ಚು, ಎತ್ತುವ ಬಲ ಕಡಿಮೆ, ಆದ್ದರಿಂದ ವೇಗದಿಂದಲೇ ತೇಲಬೇಕು. ಹಿಂದಿನಿಂದ ಬಿಚ್ಚಿಕೊಂಡ ಕೊಡೆ ವೇಗವನ್ನು ಸುಮಾರು 100ಕ್ಕೆ ಇಳಿಸಿದ ಮೇಲೆ ಚಕ್ರಗಳ ಬ್ರೇಕು ಅದನ್ನು ನಿಲ್ಲಿಸಿತು. ಮೂಗಿನ ಮೈಗೆ ಸಮವಾಗಿ ಕೊರೆದ ಸಣ್ಣ ರಂಧ್ರಗಳು ಗಾಳಿಯ ಒತ್ತಡವನ್ನು ಅಳೆದು ವೇಗವನ್ನೂ ಓರೆಯನ್ನೂ ಹೇಳುತ್ತಿದ್ದವು. ಹೊರಗೆ ಚಾಚಿದ ಕೊಳವೆ ಕಕ್ಷೆಯಿಂದ ಮರಳುವಾಗಿನ ಕಾವಿಗೆ ಸುಟ್ಟುಹೋಗುವುದರಿಂದ, ಇಲ್ಲಿ ಕಾವಿಲ್ಲದಿದ್ದರೂ ಮುಂದಿನ ದೊಡ್ಡ ದೇಹದ ಸಲುವಾಗಿ ಆ ರಂಧ್ರಗಳ ಅಭ್ಯಾಸ ಬೇಕಿತ್ತು. ಮೂರನೆಯ ಇಳಿತಕ್ಕೆ ಬಳಸಿದ್ದು ಎರಡನೆಯ ಇಳಿತದ ದೇಹವನ್ನೇ, ಬದಲಾವಣೆಯಿಲ್ಲದೆ.

ಚಲನಚಿತ್ರಗಳ ಅಂತರಿಕ್ಷ ನೌಕೆಗಳ ಚರಿತ್ರೆಯೊಂದಿಗೆ ಇದನ್ನು ಹೋಲಿಸಿದರೆ ಒಂದು ಮುಖ್ಯ ವ್ಯತ್ಯಾಸ ತಿಳಿಯುತ್ತದೆ. 1977ರ ಸ್ಟಾರ್ ವಾರ್ಸ್ ಚಿತ್ರಕ್ಕಾಗಿ ರಾಲ್ಫ್ ಮ್ಯಾಕ್ವಾರಿ ಬರೆದ ವರ್ಣಚಿತ್ರಗಳನ್ನು ನೋಡಿಕೊಂಡು ಕ್ಯಾಲಿಫೋರ್ನಿಯಾದ ಕಾರ್ಯಾಗಾರದಲ್ಲಿ ನೌಕೆಗಳನ್ನು ಕಟ್ಟಿದವರು, ಮಾರುಕಟ್ಟೆಯ ಪ್ಲಾಸ್ಟಿಕ್ ಮಾದರಿಗಳ ನೂರಾರು ಬಿಡಿಭಾಗಗಳನ್ನು ಮೈತುಂಬ ಅಂಟಿಸಿ, ಮಸಿ, ತುಕ್ಕು, ಗೀರು, ಎಣ್ಣೆಯ ಸೋರಿಕೆಗಳನ್ನು ಬಣ್ಣದಿಂದ ಮೂಡಿಸಿದರು. ಹೊಚ್ಚಹೊಸ ನುಣುಪು ಮೈ ಚಿಕ್ಕದಾಗಿ ಕಾಣುತ್ತದೆ, ಸವೆದ ಮೈ ದೊಡ್ಡದಾಗಿಯೂ ನಿಜವಾಗಿಯೂ ಕಾಣುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಇಂದಿಗೂ ಚಿತ್ರದಿಂದ ನೌಕೆ ಕಟ್ಟುವ ಹವ್ಯಾಸಿಗಳು ತಿಳಿಬಣ್ಣವನ್ನು ಸಂದುಗಳಿಗೆ ಇಳಿಸಿ, ಒಣ ಕುಂಚದಿಂದ ಅಂಚುಗಳನ್ನು ಸವರಿ ಈ ಸವೆತವನ್ನು ತರುತ್ತಾರೆ. ಅದು ಗೌರವಕ್ಕೆ ಅರ್ಹವಾದ ಕಲೆ, ಏಕೆಂದರೆ ಎಂದೂ ನಡೆಯದ ಪಯಣವೊಂದರ ಪುರಾವೆಯನ್ನು ಅದು ಸೃಷ್ಟಿಸುತ್ತದೆ. ಮೇಲೆ ಬಿಳಿ, ಕೆಳಗೆ ಕಪ್ಪು ಬಣ್ಣದ ಪುಷ್ಪಕದಲ್ಲಿ ಕ್ರಮ ತಿರುಗುಮುರುಗಾಗಿದೆ. ಇಲ್ಲಿ ಸವೆತವನ್ನು ಬಳಿಯುವವರಿಲ್ಲ, ಓದುವವರಿದ್ದಾರೆ. ಒಂದು ಇಳಿತದ ಹೊಡೆತ ಮೈಕಟ್ಟಿನಲ್ಲಿ ಏನು ಮಾಡಿತೆಂದು ನೋಡಿ ಮುಂದಿನ ಇಳಿತಕ್ಕೆ ಬೇಕಾದ ಬಲವನ್ನು ಕೊಡುವುದು, ಕೊಟ್ಟ ಬಲ ಸಾಕೆಂದು ತಿಳಿದಾಗ ಅದೇ ದೇಹವನ್ನು ಮುಟ್ಟದೆ ಮತ್ತೆ ಬಿಡುವುದು, ಈ ಎರಡರ ನಡುವೆ ಮೂರು ಇಳಿತಗಳ ಅವಧಿಯಲ್ಲಿ ಬೆಳೆದದ್ದು ಮರುಬಳಕೆಯ ಧೈರ್ಯ. ಇಡೀ ಯೋಜನೆಯ ಉದ್ದೇಶವೇ ಅದಾಗಿತ್ತು.

ಈ ಮೂರು ಇಳಿತಗಳು ಕೇಳದೆ ಬಿಟ್ಟ ಪ್ರಶ್ನೆಗಳೂ ಇವೆ. ಹೆಲಿಕಾಪ್ಟರಿನಿಂದ ಬಿದ್ದ ದೇಹಕ್ಕೆ ಕಕ್ಷೆಯಿಂದ ಮರಳುವಾಗಿನ ಬೆಂಕಿಯ ಅನುಭವವಿಲ್ಲ. ಅದು ಕೊನೆಯ ಕೆಲವು ಕಿಲೋಮೀಟರುಗಳ ಮಾದರಿ ಮಾತ್ರ. ಇನ್ನು ಅಳತೆಯ ಮಾತು. ಇಸ್ರೊ ಮುಂದೆ ಕಕ್ಷೆಗೆ ಕಳಿಸಿ ಇಳಿಸಬೇಕೆಂದಿರುವ ವಾಹನ ಪುಷ್ಪಕಕ್ಕಿಂತ ಸುಮಾರು 1.6 ಪಟ್ಟು ದೊಡ್ಡದು. ಉದ್ದ 1.6 ಪಟ್ಟಾದರೆ ರೆಕ್ಕೆಯ ಹರವು 2.56 ಪಟ್ಟಾಗುತ್ತದೆ, ಗಾತ್ರ ನಾಲ್ಕು ಪಟ್ಟನ್ನು ಮೀರುತ್ತದೆ. ತೂಕವೂ ಗಾತ್ರದೊಂದಿಗೇ ಏರಿದರೆ ಚಕ್ರದ ಕಾಲಿನ ಅಡ್ಡಕೊಯ್ತದ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ, ಇಳಿಯುವ ವೇಗವೂ ವರ್ಗಮೂಲದ ಲೆಕ್ಕದಲ್ಲಿ ಕಾಲುಭಾಗದಷ್ಟು ಏರಲು ನೋಡುತ್ತದೆ. ಹಾಗಾಗಿ ಕುದಾಪುರದಲ್ಲಿ ಮೂರು ಬಾರಿ ನೆಲದ ಹೊಡೆತ ತಿಂದ ಆ ಕಾಲುಗಳ ನಕ್ಷೆಯನ್ನು ಹಿಗ್ಗಿಸಿ ಮುಂದಿನ ವಾಹನಕ್ಕೆ ಬಳಸಲಾಗದು; ಅವು ಕಲಿಸಿದ್ದನ್ನು ಇಟ್ಟುಕೊಂಡು, ಕಾಲುಗಳನ್ನು ಬರಿಯ ಕಾಗದದಿಂದ ಹೊಸದಾಗಿ ಬರೆಯಬೇಕು.